ತೆಗೆಯುವ ವಿವೇಕ: ಹಳೆಯ ಮಾದರಿಯ ಚಾಪರೂ ನಿತ್ಯದ ಸವಾರಿಯೂ

ನೀಳವಾದ ಮುಂಗಾಲು, ತಗ್ಗಿದ ಆಸನ, ಪುಟ್ಟ ಪೆಟ್ರೋಲ್ ಟ್ಯಾಂಕು, ಹೆಗಲೆತ್ತರದ ಹ್ಯಾಂಡಲು ಎಂದೊಡನೆ ಚಾಪರ್ ಎನ್ನಿಸಿಕೊಳ್ಳುವ ಮೋಟಾರ್ ಸೈಕಲ್ಲಿನ ಆಕೃತಿ ವಾಹನಾಸಕ್ತರ ಕಣ್ಣಿಗೆ ಕಟ್ಟುವುದು. ಅಮೆರಿಕದಲ್ಲಿ ಹುಟ್ಟಿ, ಸ್ವೀಡನ್, ಜಪಾನ್ ದೇಶಗಳವರೆಗೆ ಹಬ್ಬಿ, ಮುಕ್ಕಾಲು ಶತಮಾನದ ಆಯುಷ್ಯವನ್ನು ಕಂಡಿರುವ ಈ ಕುಶಲಕಲೆಯನ್ನು ಕುರಿತು ಎರಡು ಅಭಿಪ್ರಾಯಗಳು ಬಹುಕಾಲದಿಂದ ಪ್ರಚಾರದಲ್ಲಿವೆ. ಚಾಪರ್ ಎಂಬುದು ನೋಡುವುದಕ್ಕೆ ಕಟ್ಟಿದ ವಸ್ತು, ದಿನದಿನವೂ ಕೆಲಸಕ್ಕೆ ಒಯ್ಯುವ ವಾಹನವಲ್ಲ ಎಂಬುದು ಒಂದು. ಹಳೆಯ ಶೈಲಿಯನ್ನು ಬಯಸಿದ ಮೇಲೆ ಹಳೆಯ ಕಾಲದ ಕಷ್ಟಗಳನ್ನೂ ಮೌನವಾಗಿ ಸಹಿಸಲೇಬೇಕೆಂಬುದು ಇನ್ನೊಂದು. ಈ ಎರಡರಲ್ಲಿಯೂ ಸತ್ಯದ ಅಂಶವಿದ್ದರೂ ಪೂರ್ಣ ಸತ್ಯವಿಲ್ಲ. ಅನಗತ್ಯವಾದುದನ್ನು ತೆಗೆದುಹಾಕುವುದೇ ಈ ಕಲೆಯ ಮೂಲಧರ್ಮವಾಗಿದ್ದು, ಯಾವುದು ಅನಗತ್ಯ ಎಂಬ ಪ್ರಶ್ನೆಗೆ ರಸ್ತೆಯೇ ಉತ್ತರ ಕೊಡಬೇಕೆಂಬ ನಿಯಮವನ್ನು ನಿಷ್ಠೆಯಿಂದ ಪಾಲಿಸಿದಲ್ಲಿ, ನಿತ್ಯದ ಸವಾರಿಗೆ ಯೋಗ್ಯವಾದ ಚಾಪರೇ ಆ ಪರಂಪರೆಗೆ ಅತ್ಯಂತ ಸಮೀಪವಾದ ಚಾಪರ್ ಆಗುವುದೆಂದು ನಾನು ನಂಬಿದ್ದೇನೆ. ಈ ನಂಬಿಕೆಯ ಆಧಾರಗಳನ್ನು ಇತಿಹಾಸ, ರಚನೆ, ಕಾನೂನು ಎಂಬ ಮೂರು ನೆಲೆಗಳಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇತಿಹಾಸವನ್ನು ಮೊದಲು ನೋಡೋಣ. 1930ರ ದಶಕದಲ್ಲಿ ಅಮೆರಿಕದ ಪಂದ್ಯಗಳಲ್ಲಿ, ಅಂಗಡಿಯಲ್ಲಿ ಮಾರಾಟಕ್ಕಿರುವ ಸಾಮಾನ್ಯ ಮೋಟಾರ್ ಸೈಕಲ್ಲುಗಳಿಗೇ ಮೀಸಲಾದ 'ಕ್ಲಾಸ್ ಸಿ' ಎಂಬ ವರ್ಗವೊಂದು ರೂಢಿಗೆ ಬಂದಿತು. ಆ ಪಂದ್ಯಗಳ ಸವಾರರು ಮುಂದಿನ ಮಡ್‌ಗಾರ್ಡನ್ನು ಕಳಚಿ, ಹಿಂದಿನದನ್ನು ಅರ್ಧಕ್ಕೆ ಕತ್ತರಿಸಿ, ಭಾರವನ್ನು ಇಳಿಸಿ ಓಡಿಸುತ್ತಿದ್ದರು. ಅದನ್ನು ಕಂಡ ಸಾಮಾನ್ಯ ಸವಾರರೂ ತಮ್ಮ ಗಾಡಿಗಳನ್ನು ಹಾಗೆಯೇ ಮಾಡಿಕೊಂಡರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾರ್ಲೆ-ಡೇವಿಡ್‌ಸನ್ ಸಂಸ್ಥೆ ಸೈನ್ಯಕ್ಕಾಗಿ ತಯಾರಿಸಿದ ಸುಮಾರು 90,000 ಡಬ್ಲ್ಯುಎಲ್‌ಎ ಗಾಡಿಗಳಲ್ಲಿ ಅನೇಕವು ಯುದ್ಧಾನಂತರ ಅಗ್ಗದ ಬೆಲೆಗೆ ಜನರ ಕೈಸೇರಿದುವು. ಸೈನ್ಯದಿಂದ ಹಿಂದಿರುಗಿದ ತರುಣರು ಅವುಗಳ ಭಾರವಾದ ಚೀಲಗಳನ್ನೂ ಕಾಪುತಗಡುಗಳನ್ನೂ ಬಿಚ್ಚಿಹಾಕಿ, 'ಬಾಬ್-ಜಾಬ್' ಎಂದು ಹೆಸರಾದ ಮೊಟಕು ಗಾಡಿಗಳನ್ನು ನಿರ್ಮಿಸಿಕೊಂಡರು. ಅವರಲ್ಲಿ ಬಹುಮಂದಿಗೆ ಇದ್ದುದು ಅದೊಂದೇ ವಾಹನ. ಕಾರ್ಖಾನೆಗೆ ಹೋಗುವುದೂ, ಊರಿಂದೂರಿಗೆ ತಿರುಗುವುದೂ ಅದರ ಮೇಲೆಯೇ ಆಗಬೇಕಾಗಿದ್ದುದರಿಂದ, ಅವರು ತೆಗೆದುಹಾಕಿದ ಒಂದೊಂದು ವಸ್ತುವೂ ಇಲ್ಲದೆ ನಡೆಯುವುದೆಂದು ಅನುಭವದಲ್ಲಿ ಸಿದ್ಧವಾದ ವಸ್ತುವೇ ಆಗಿತ್ತು. ಅಲಂಕಾರದ ಆಸೆ ಅವರಿಗೆ ಇರಲಿಲ್ಲವೆಂದಲ್ಲ. ಉಪಯೋಗವು ಅಲಂಕಾರವನ್ನು ಹದ್ದಿನಲ್ಲಿಟ್ಟಿತ್ತು.

1960ರ ದಶಕದಲ್ಲಿ ಈ ಸಮತೋಲ ಕದಲಿತು. ಮುಂಗಾಲಿನ ಫೋರ್ಕು ವರ್ಷವರ್ಷಕ್ಕೂ ಉದ್ದವಾಯಿತು. ಕ್ರೋಮಿನ ಹೊಳಪೂ ಬಣ್ಣದ ವೈಭವವೂ ಏರಿದುವು. 1969ರಲ್ಲಿ ತೆರೆಕಂಡ 'ಈಸಿ ರೈಡರ್' ಚಲನಚಿತ್ರ ಈ ರೂಪವನ್ನು ಜಗತ್ತಿಗೆಲ್ಲ ಪರಿಚಯಿಸಿತು. ಪೀಟರ್ ಫೋಂಡಾ ಸವಾರಿ ಮಾಡಿದ, ಅಮೆರಿಕದ ಧ್ವಜವನ್ನು ಟ್ಯಾಂಕಿನ ಮೇಲೆ ಧರಿಸಿದ ಆ ಗಾಡಿಯ ಯೋಜನೆ, ನಿರ್ಮಾಣಗಳಲ್ಲಿ ಪ್ರಮುಖರಾದವರು ಕ್ಲಿಫ್ ವಾನ್ ಮತ್ತು ಬೆನ್ ಹಾರ್ಡಿ ಎಂಬ ಇಬ್ಬರು ಕರಿಯ ಜನಾಂಗದ ಕುಶಲಿಗಳೆಂಬುದೂ, ಹರಾಜಿನಲ್ಲಿ ಕೊಂಡ ಪೊಲೀಸು ಇಲಾಖೆಯ ಹಳೆಯ ಹಾರ್ಲೆಗಳಿಂದ ಅದು ರೂಪುಗೊಂಡಿತೆಂಬುದೂ ಬಹುಕಾಲ ಬೆಳಕಿಗೆ ಬರಲಿಲ್ಲ. ಚಿತ್ರದ ಹೆಸರನ್ನು ಲೋಕವೆಲ್ಲ ಬಲ್ಲುದಾಗಿಯೂ ಆ ಕೈಗಳ ಹೆಸರು ದಶಕಗಳ ಕಾಲ ಮರೆಯಲ್ಲಿ ಉಳಿದುದು ಈ ಕಲೆಯ ಚರಿತ್ರೆಗೆ ಅಂಟಿದ ಅನ್ಯಾಯವೆಂದೇ ಹೇಳಬೇಕು. ಚಿತ್ರದ ತರುವಾಯ ಆಕೃತಿಯ ಅನುಕರಣೆ ಎಲ್ಲೆಡೆ ಹಬ್ಬಿತು. ಆಕೃತಿಯ ಹಿಂದಿದ್ದ ವಿವೇಚನೆ ಅಷ್ಟೇ ವೇಗವಾಗಿ ಹಬ್ಬಲಿಲ್ಲ.

ಆದರೂ ವಿವೇಚನೆ ಪೂರ್ತಿಯಾಗಿ ಲೋಪವಾಯಿತೆಂದು ಭಾವಿಸಬಾರದು. ಸ್ಯಾನ್ ಫ್ರಾನ್ಸಿಸ್ಕೋ ನಗರದ ಸುತ್ತ ಬೆಳೆದ ಶೈಲಿಯೊಂದುಂಟು. ಆ ನಗರದ ಕಡಿದಾದ ಏರಿಳಿತಗಳನ್ನೂ ಒತ್ತಾದ ವಾಹನಸಂಚಾರವನ್ನೂ ಮನಸ್ಸಿನಲ್ಲಿಟ್ಟು ಅಲ್ಲಿಯ ಕುಶಲಿಗಳು ಮಿತವಾದ ಉದ್ದದ ಫೋರ್ಕು, ಕಿರಿದಾದ ಹ್ಯಾಂಡಲು, ಬೆನ್ನುಕೊಳವೆಯ ಮೇಲೆ ಎತ್ತರಕ್ಕೆ ಕೂರಿಸಿದ ಟ್ಯಾಂಕು, ಎಂಜಿನ್ನಿನ ಮಗ್ಗುಲಲ್ಲಿಯೇ ಇರುವ ಕಾಲೂರುಗಳು ಇವುಗಳಿಂದ ಕೂಡಿದ ಗಾಡಿಗಳನ್ನು ಕಟ್ಟಿದರು. ಇದಕ್ಕೆ ಪ್ರತಿಯಾಗಿ ಸ್ವೀಡನ್ನಿನವರು ಅತಿ ನೀಳವಾದ ಫೋರ್ಕನ್ನೇ ತಮ್ಮ ಗುರುತನ್ನಾಗಿಸಿಕೊಂಡರು. ಜಪಾನಿನಲ್ಲಿ ಶಿನ್ಯಾ ಕಿಮುರಾ ಅವರು 1992ರಲ್ಲಿ ಸ್ಥಾಪಿಸಿದ ಝೀರೋ ಎಂಜಿನಿಯರಿಂಗ್ ಕಾರ್ಯಾಗಾರ ಹಳೆಯ ಕಾಲದ ತಗ್ಗಿದ ರೂಪಕ್ಕೆ ಹೊಸ ಗೌರವವನ್ನು ತಂದಿತು. ಕಾರ್ಖಾನೆಯೂ ಸುಮ್ಮನಿರಲಿಲ್ಲ: 1971ರಲ್ಲಿ ಹಾರ್ಲೆಯ ಸೂಪರ್ ಗ್ಲೈಡ್, 1980ರಲ್ಲಿ ವೈಡ್ ಗ್ಲೈಡ್, 1984ರಲ್ಲಿ ಸಾಫ್ಟೇಲ್ ಹೊರಬಂದುವು. ಈ ಪಂಥಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ನಿತ್ಯದ ಸವಾರನಿಗೆ ಗುರುಸ್ಥಾನದಲ್ಲಿ ನಿಲ್ಲಬಲ್ಲುದು ಸ್ಯಾನ್ ಫ್ರಾನ್ಸಿಸ್ಕೋ ಪಂಥವೇ. ಏಕೆಂದರೆ ಅದು ತನ್ನ ಊರಿನ ಬೀದಿಯನ್ನು ಓದಿಕೊಂಡು ರೂಪುಗೊಂಡಿತು.

ಇನ್ನು ರಚನೆಯ ವಿಚಾರ. ಇಲ್ಲಿ ಮೊದಲನೆಯದೂ ಅತಿ ಮುಖ್ಯವೂ ಆದುದು ಮುಂಗಾಲಿನ ರೇಖಾಗಣಿತ. ಫ್ರೇಮಿನ ಕುತ್ತಿಗೆ ಲಂಬರೇಖೆಯಿಂದ ಎಷ್ಟು ವಾಲಿದೆಯೆಂಬ ಕೋನಕ್ಕೆ ರೇಕ್ ಎಂದು ಹೆಸರು. ಕುತ್ತಿಗೆಯ ಅಕ್ಷರೇಖೆಯನ್ನು ನೆಲದವರೆಗೆ ಎಳೆದಾಗ ಅದು ನೆಲವನ್ನು ಮುಟ್ಟುವ ಬಿಂದುವಿಗೂ, ಅದರ ಹಿಂದೆ ಟೈರು ನೆಲವನ್ನು ಮುಟ್ಟುವ ಬಿಂದುವಿಗೂ ನಡುವಣ ಅಂತರಕ್ಕೆ ಟ್ರೇಲ್ ಎಂದು ಹೆಸರು. ಗಾಡಿಯನ್ನು ನೇರವಾಗಿ ಓಡಿಸುವ ಸ್ಥೈರ್ಯ ಈ ಟ್ರೇಲಿನಿಂದ ಬರುವುದು. ಅದು ತೀರ ಕಡಿಮೆಯಾದರೆ ವೇಗದಲ್ಲಿ ಹ್ಯಾಂಡಲು ನಡುಗುವುದು, ಮಿತಿಮೀರಿದರೆ ನಿಧಾನಗತಿಯಲ್ಲಿ ಚಕ್ರ ಒಂದು ಮಗ್ಗುಲಿಗೆ ಬೀಳತೊಡಗುವುದು. ಲೆಕ್ಕವನ್ನೇ ಮಾಡಿ ನೋಡಬಹುದು. ಟೈರು ಸೇರಿದಂತೆ ಚಕ್ರದ ತ್ರಿಜ್ಯ 340 ಮಿಲಿಮೀಟರು, ಕುತ್ತಿಗೆಯ ಅಕ್ಷಕ್ಕಿಂತ ಚಕ್ರದ ಅಚ್ಚು ಮುಂದಿರುವ ಅಂತರ 50 ಮಿಲಿಮೀಟರು ಎಂದು ಇಟ್ಟುಕೊಂಡರೆ, 30 ಡಿಗ್ರಿ ರೇಕಿಗೆ ಟ್ರೇಲ್ ಸುಮಾರು 140 ಮಿಲಿಮೀಟರು ಬರುತ್ತದೆ. ಉಳಿದುದನ್ನೆಲ್ಲ ಹಾಗೆಯೇ ಬಿಟ್ಟು ರೇಕನ್ನು 40 ಡಿಗ್ರಿಗೆ ಏರಿಸಿದರೆ ಅದು 220ಕ್ಕೆ ಏರುತ್ತದೆ, ಚಕ್ರ ಮಗ್ಗುಲಿಗೆ ಬೀಳುವ ಪ್ರವೃತ್ತಿ ಒಂದೂಮುಕ್ಕಾಲು ಪಟ್ಟಿಗಿಂತ ಹೆಚ್ಚುತ್ತದೆ. ಹೆದ್ದಾರಿಯಲ್ಲಿ ಬಾಣದಂತೆ ನೇರವಾಗಿ ಹೋಗುವ ಅಂಥ ಗಾಡಿಯೇ ಪೇಟೆಯ ತಿರುವಿನಲ್ಲಿ ಸವಾರನ ತೋಳನ್ನು ದಣಿಸುವ ಕಾರಣ ಇದು.

ಇದಕ್ಕೆ ಪರಿಹಾರವಿಲ್ಲದೆ ಇಲ್ಲ. ಅದೇ 40 ಡಿಗ್ರಿಯ ಕುತ್ತಿಗೆಯಲ್ಲಿ ಅಚ್ಚನ್ನು ಕುತ್ತಿಗೆಯ ಅಕ್ಷಕ್ಕಿಂತ ಒಟ್ಟು ಸುಮಾರು 120 ಮಿಲಿಮೀಟರು ಮುಂದಿರುವಂತೆ ಇಟ್ಟರೆ ಟ್ರೇಲ್ ಮತ್ತೆ 130ರ ಆಸುಪಾಸಿಗೆ ಇಳಿಯುವುದು. ಫೋರ್ಕನ್ನು ಕುತ್ತಿಗೆಗಿಂತ ಕೆಲವು ಡಿಗ್ರಿ ಹೆಚ್ಚಾಗಿ ವಾಲಿಸುವ ಹಿಡಿಕಟ್ಟುಗಳ ಪ್ರಯೋಜನವೂ ಇದೇ. ಆದರೆ ಅಂಥ ಹಿಡಿಕಟ್ಟನ್ನು ಕಾರ್ಖಾನೆಯ ಮೂಲ ಕುತ್ತಿಗೆಗೆ, ಕೇವಲ ನೋಟದ ಆಸೆಯಿಂದ ತೊಡಿಸಿದರೆ ಟ್ರೇಲ್ ಅಪಾಯಕರವಾಗಿ ಕುಗ್ಗುತ್ತದೆ. ಮೂಲ ಕುತ್ತಿಗೆಯನ್ನು ಹಾಗೆಯೇ ಬಿಟ್ಟು ಉದ್ದದ ಫೋರ್ಕನ್ನಷ್ಟೇ ಹಾಕಿದರೆ ಗಾಡಿ ಮೂಗನ್ನು ಮೇಲೆತ್ತುವುದು, ಎಂಜಿನ್ನು ಹಿಂದಕ್ಕೆ ಓರೆಯಾಗುವುದು. ಕೊಳವೆಯೊಳಗೆ ಕೊಳವೆ ಜಾರುವ ಟೆಲಿಸ್ಕೋಪಿಕ್ ಫೋರ್ಕು ತುಂಬ ವಾಲಿದಾಗ ಭಾರವು ಅದನ್ನು ಬಾಗಿಸಲೆತ್ನಿಸುವುದರಿಂದ ಸರಾಗವಾಗಿ ಜಾರದೆ ಬಿಗಿಯುವುದು. ನೀಳವಾದ ಚಾಪರುಗಳಲ್ಲಿ ಸ್ಪ್ರಿಂಗರ್, ಗರ್ಡರ್ ಎಂಬ ಹಳೆಯ ಬಗೆಯ ಫೋರ್ಕುಗಳು ಉಳಿದುಬಂದುದಕ್ಕೆ ಅವುಗಳ ಚೆಲುವಿನಷ್ಟೇ ಇದೂ ಕಾರಣ. ಪ್ರತಿದಿನ ಪೇಟೆಯಲ್ಲಿ ಓಡಿಸುವವನಿಗೆ 30ರಿಂದ 34 ಡಿಗ್ರಿಯೊಳಗಿನ ರೇಕು, ಮೂಲಕ್ಕಿಂತ ಕೆಲವೇ ಅಂಗುಲ ಉದ್ದವಾದ ಫೋರ್ಕು, 21 ಅಂಗುಲದ ತೆಳ್ಳನೆಯ ಮುಂಚಕ್ರ ಇಷ್ಟು ಸಾಕು. ಹಳೆಯ ಶೈಲಿಯ ಸೊಬಗು ಇಷ್ಟರಿಂದಲೇ ಪೂರ್ತಿಯಾಗಿ ದೊರೆಯುವುದು.

ಎರಡನೆಯದು ಹಿಂಗಾಲಿನ ಪ್ರಶ್ನೆ. ಹಾರ್ಲೆಯ ದೊಡ್ಡ ಗಾಡಿಗಳಿಗೆ ಹಿಂದುಗಡೆ ಷಾಕ್ ಅಬ್ಸಾರ್ಬರು ಬಂದುದು 1958ರ ಡ್ಯುಯೋ-ಗ್ಲೈಡ್ ಮಾದರಿಯಲ್ಲಿ. ಅದಕ್ಕೆ ಮುಂಚಿನವೆಲ್ಲ ಹಿಂಬದಿಯಲ್ಲಿ ಸ್ಪ್ರಿಂಗಿಲ್ಲದ ಬಿಗಿ ಫ್ರೇಮುಗಳು. ಅಚ್ಚಿನಿಂದ ಕುತ್ತಿಗೆಯವರೆಗೆ ಒಂದೇ ಓಟದಲ್ಲಿ ಹರಿಯುವ ಆ ರೇಖೆಯ ಸೌಂದರ್ಯಕ್ಕೆ ಸಾಟಿಯಿಲ್ಲವೆಂಬುದನ್ನು ಒಪ್ಪಲೇಬೇಕು. ಬಿಗಿ ಫ್ರೇಮಿಗೆ ಉಪಯೋಗದ ಗುಣವೂ ಉಂಟು: ಸವೆಯುವ ಕೀಲುಗಳು ಕಡಿಮೆ, ಚಕ್ರ ಮೇಲೆ ಕೆಳಗೆ ಆಡದ್ದರಿಂದ ಸರಪಣಿಯ ಬಿಗುವು ಬದಲಾಗುವುದಿಲ್ಲ. ಕೊರತೆ ಬೀಳುವುದು ಸವಾರನ ಬೆನ್ನಿಗೆ. 16 ಅಂಗುಲದ ಚಕ್ರಕ್ಕೆ ಎತ್ತರದ ಗೋಡೆಯುಳ್ಳ ದಪ್ಪ ಟೈರನ್ನು ಹಾಕಿ, ಸ್ಪ್ರಿಂಗಿನ ಆಸನವನ್ನು ಕೂರಿಸಿದರೆ ಕುಲುಕಾಟ ಬಹುಮಟ್ಟಿಗೆ ಶಮನವಾಗುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವನ್ನು ಅನೇಕರು ಮರೆಯುತ್ತಾರೆ. ಕಾಲೂರುಗಳು ಎಂಜಿನ್ನಿನ ಮಗ್ಗುಲಲ್ಲಿದ್ದರೆ ಹಳ್ಳ ಕಂಡೊಡನೆ ಸವಾರನು ಆಸನದಿಂದ ಮೇಲೆದ್ದು ಮೊಣಕಾಲಿನಿಂದಲೇ ಆಘಾತವನ್ನು ತಡೆಯಬಲ್ಲನು. ಕಾಲುಗಳನ್ನು ಮುಂದಕ್ಕೆ ಚಾಚಿ ಕುಳಿತವನಿಗೆ ಆ ಉಪಾಯವಿಲ್ಲ, ಪ್ರತಿಯೊಂದು ಪೆಟ್ಟೂ ನೇರವಾಗಿ ಬೆನ್ನೆಲುಬಿಗೇ ತಗಲುತ್ತದೆ. ರಸ್ತೆ ಕೆಟ್ಟಿರುವಲ್ಲಿ, ಸವಾರನಿಗೆ ವಯಸ್ಸಾಗಿರುವಲ್ಲಿ, ಬಿಲ್ ಡೇವಿಸ್ ಎಂಬ ಎಂಜಿನಿಯರು ರೂಪಿಸಿದ, 1984ರಿಂದ ಹಾರ್ಲೆ ಬಳಸಿದ ಸಾಫ್ಟೇಲ್ ವಿಧಾನವನ್ನು ಹಿಡಿಯುವುದು ಯುಕ್ತ. ಅದರಲ್ಲಿ ಷಾಕುಗಳು ಗೇರುಪೆಟ್ಟಿಗೆಯ ಕೆಳಗೆ ಮರೆಯಾಗಿದ್ದು ಹೊರನೋಟದ ರೇಖೆ ಬಿಗಿ ಫ್ರೇಮಿನದೇ ಆಗಿ ಉಳಿಯುತ್ತದೆ.

ಎಂಜಿನ್ನಿನ ಆಯ್ಕೆಯಲ್ಲಿ ರುಚಿಭೇದಕ್ಕೆ ಅವಕಾಶ ಹೆಚ್ಚು. ಹಾರ್ಲೆಯ ನಕಲ್‌ಹೆಡ್ 1936ರಿಂದ, ಪ್ಯಾನ್‌ಹೆಡ್ 1948ರಿಂದ, ಶವಲ್‌ಹೆಡ್ 1966ರಿಂದ ಬಂದವು. ಇವು ಮೂರೂ ಚಾಪರಿನ ಅಭಿಜಾತ ಕುಲಕ್ಕೆ ಸೇರಿದವು. ಮೊದಲೆರಡರ ಬೆಲೆ ಈಗ ಸಂಗ್ರಾಹಕರ ಕೈಯಲ್ಲಿದೆ. ಅಪರೂಪವಾದ ಮೂಲವಸ್ತುವನ್ನು ನಿತ್ಯದ ಧೂಳಿಗೂ ಒತ್ತಡಕ್ಕೂ ಒಡ್ಡುವುದು ಉಚಿತವಲ್ಲ. ಅಲ್ಯೂಮಿನಿಯಮ್ ಸಿಲಿಂಡರುಗಳ, ಎಣ್ಣೆ ಸೋರಿಕೆ ಕಡಿಮೆಯಾದ, 1984ರ ಎವಲ್ಯೂಷನ್ ಎಂಜಿನ್ನು ನಿತ್ಯದ ಕೆಲಸಕ್ಕೆ ಹೆಚ್ಚು ನಂಬಿಕೆಯುಳ್ಳದ್ದು. ಜೋಡಿ ಸಿಲಿಂಡರಿನ ಬ್ರಿಟಿಷ್ ಟ್ರಯಂಫ್ 650 ಹಗುರವೂ ಸಪೂರವೂ ಆಗಿದ್ದು ಪೇಟೆಯ ಸಂಚಾರಕ್ಕೆ ಹೇಳಿ ಮಾಡಿಸಿದಂತಿದೆ. 1970ರ ಸುಮಾರಿಗೆ ಮಾರುಕಟ್ಟೆಗೆ ಬಂದ ಯಮಾಹಾ ಎಕ್ಸ್‌ಎಸ್ 650 ಅದೇ ಬ್ರಿಟಿಷ್ ರೂಪವನ್ನು ಇಟ್ಟುಕೊಂಡು, ಮೇಲ್ಗಡೆಯ ಕ್ಯಾಮ್ ಷಾಫ್ಟನ್ನೂ, ರೋಲರ್ ಬೇರಿಂಗಿನ ಗಟ್ಟಿಮುಟ್ಟಾದ ಕ್ರ್ಯಾಂಕನ್ನೂ, ಅಡ್ಡಲಾಗಿ ಸೀಳಿದ, ಎಣ್ಣೆ ಸೋರದ ಕ್ರ್ಯಾಂಕ್‌ಕೇಸನ್ನೂ ಸೇರಿಸಿಕೊಂಡಿತು. ಮಿತವ್ಯಯದಲ್ಲಿ ಚಾಪರ್ ಕಟ್ಟಬಯಸುವವರು ಅದನ್ನು ಇಷ್ಟಪಡುವುದು ಸಕಾರಣವಾಗಿದೆ. ಯಾವುದನ್ನೇ ಆರಿಸಲಿ, ಬಿಡಿಭಾಗಗಳು ಎಲ್ಲಿ ಸಿಗುತ್ತವೆ, ಅದನ್ನು ಬಲ್ಲ ಕೈಗಳು ಊರಿನಲ್ಲಿ ಇವೆಯೆ ಎಂಬೆರಡು ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳಬೇಕು.

ಬ್ರೇಕಿನ ವಿಷಯದಲ್ಲಿ ಮಾತ್ರ ರುಚಿಭೇದಕ್ಕೆ ಎಡೆಯಿಲ್ಲ. ಮುಂಚಕ್ರವು ಬರಿದಾಗಿ, ತೆಳ್ಳಗೆ ಕಾಣಲೆಂದು ಮುಂದಿನ ಬ್ರೇಕನ್ನೇ ತೆಗೆದುಬಿಡುವ ಪದ್ಧತಿ ಚಾಪರ್ ಲೋಕದಲ್ಲಿ ಬಹಳ ಕಾಲದಿಂದ ಇದೆ. ಉದ್ದವಾದ ಗಾಡಿಯಲ್ಲಿ ಹಿಂದಿನ ಬ್ರೇಕೇ ಸಾಕೆಂದು ಅದರ ಪಕ್ಷಪಾತಿಗಳು ವಾದಿಸುವರು. ಗಾಡಿಯ ಚಕ್ರಾಂತರ 1.7 ಮೀಟರು, ಗುರುತ್ವಕೇಂದ್ರದ ಎತ್ತರ ಅರ್ಧ ಮೀಟರು, ನಿಂತಾಗ ಹಿಂಗಾಲಿನ ಮೇಲೆ ನೂರಕ್ಕೆ 60 ಪಾಲು ಭಾರ, ಟೈರು ಮತ್ತು ನೆಲದ ಘರ್ಷಣಾಂಕ 0.8 ಎಂದಿಟ್ಟುಕೊಂಡು ಲೆಕ್ಕ ಮಾಡಿದರೆ, ಗಂಟೆಗೆ 60 ಕಿಲೋಮೀಟರು ವೇಗದಿಂದ ಎರಡೂ ಬ್ರೇಕುಗಳನ್ನು ಪೂರ್ಣವಾಗಿ ಬಳಸಿ ನಿಲ್ಲುವುದಕ್ಕೆ ಸುಮಾರು 18 ಮೀಟರು, ಹಿಂದಿನದೊಂದರಿಂದಲೇ ನಿಲ್ಲುವುದಕ್ಕೆ ಸುಮಾರು 36 ಮೀಟರು ಬೇಕು. ಎದುರಿಗೆ ಮಗುವೊಂದು ಅಡ್ಡಬಂದಾಗ ಈ 18 ಮೀಟರಿನ ಅಂತರ ಏನೆಂಬುದನ್ನು ವಿವರಿಸಬೇಕಾದುದಿಲ್ಲ. ಹಳೆಯ ನೋಟಕ್ಕೆ ಒಪ್ಪುವ ಒಳ್ಳೆಯ ಡ್ರಮ್ ಬ್ರೇಕಾಗಲಿ, ಒಂಟಿಯಾದ ಚಿಕ್ಕ ಡಿಸ್ಕಾಗಲಿ ಮುಂಗಾಲಿನಲ್ಲಿ ಇರಲೇಬೇಕು. ಇದನ್ನು ತೆಗೆದವನು ಅನಗತ್ಯವಾದುದನ್ನು ತೆಗೆದನೆಂದು ಯಾವ ಪರಂಪರೆಯ ಹೆಸರಿನಿಂದಲೂ ಸಮರ್ಥಿಸುವಂತಿಲ್ಲ.

ವಿದ್ಯುತ್ತಿನ ವ್ಯವಸ್ಥೆಯಲ್ಲಿ ಹಳಮೆಯ ಮೋಹವನ್ನು ಬಿಡುವುದು ಸುಲಭ, ಏಕೆಂದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಹಾರ್ಲೆಯಲ್ಲಿ 1964ರವರೆಗೂ ಇದ್ದ ಆರು ವೋಲ್ಟಿನ ಮಂದ ದೀಪಕ್ಕೆ ಬದಲಾಗಿ ಹನ್ನೆರಡು ವೋಲ್ಟಿನ ಆಲ್ಟರ್ನೇಟರು, ಪಾಯಿಂಟು ಕಂಡೆನ್ಸರುಗಳಿಗೆ ಬದಲಾಗಿ ಮುಚ್ಚಳದೊಳಗೆ ಅಡಗುವ ಎಲೆಕ್ಟ್ರಾನಿಕ್ ಇಗ್ನಿಷನ್, ಒಳ್ಳೆಯ ಫ್ಯೂಸು, ಕಂಪನಕ್ಕೆ ಉಜ್ಜದಂತೆ ಕೊಳವೆಯೊಳಗೆ ಹಾಯಿಸಿದ ವೈರುಗಳು ಇವಿಷ್ಟಿದ್ದರೆ ಮಳೆಗಾಲದ ಸಂಜೆಯಲ್ಲಿಯೂ ಮನೆ ಸೇರುವ ಭರವಸೆ ಇರುತ್ತದೆ. ಸವಾರನ ಸೌಕರ್ಯಕ್ಕೆ ಬಂದರೆ, ಹ್ಯಾಂಡಲಿನ ಮುಷ್ಟಿ ಹೆಗಲಿಗಿಂತ ಮೇಲಕ್ಕೆ ಹೋದಷ್ಟೂ ಕೈಗಳು ಬೇಗ ಜೋಮು ಹಿಡಿಯುವುವು. ಟ್ಯಾಂಕಿನ ವಿಚಾರವೂ ಹೀಗೆಯೇ: ಚಾಪರಿಗೆ ಅತ್ಯಂತ ಪ್ರಿಯವಾದ ಪುಟ್ಟ ಟ್ಯಾಂಕು ಸುಮಾರು 8 ಲೀಟರು ಹಿಡಿಯುವುದು, ಲೀಟರಿಗೆ 18 ಕಿಲೋಮೀಟರಿನಂತೆ 140 ಕಿಲೋಮೀಟರಿಗೆ ಅದು ಬರಿದಾಗುವುದು. ಪೇಟೆಗೆ ಇದು ಸಾಕು, ದೂರ ಪ್ರಯಾಣಕ್ಕೆ ಸಾಲದು. ಕಟ್ಟುವ ಮೊದಲೇ ತನ್ನ ದಾರಿ ಯಾವುದೆಂದು ಸವಾರನು ನಿರ್ಧರಿಸಿಕೊಳ್ಳಬೇಕು. ಮಳೆ ಬೀಳುವ ನಾಡಿನಲ್ಲಿ ಹಿಂದಿನ ಮಡ್‌ಗಾರ್ಡನ್ನು ಸೊಂಟದವರೆಗೆ ಕತ್ತರಿಸುವವನು ಕೆಸರನ್ನು ತಾನೇ ಬೆನ್ನಿಗೆ ಆಹ್ವಾನಿಸಿಕೊಂಡಂತೆ.

ಕೆಲಸದ ಕ್ರಮಕ್ಕೂ ಒಂದು ಶಿಸ್ತುಂಟು. ಬಣ್ಣ ಹೊಡೆಯುವ ಮುನ್ನ ಇಡೀ ಗಾಡಿಯನ್ನು ಬರಿ ಲೋಹದಲ್ಲಿ ಒಮ್ಮೆ ಜೋಡಿಸಿ, ಚಕ್ರಗಳು ಒಂದೇ ಗೆರೆಯಲ್ಲಿವೆಯೆ, ಸರಪಣಿ ಎಲ್ಲಿಯೂ ಉಜ್ಜುತ್ತಿಲ್ಲವೆ, ಹ್ಯಾಂಡಲು ತಿರುಗಿದಾಗ ವೈರು ಎಳೆಯುತ್ತಿಲ್ಲವೆ ಎಂಬುದನ್ನೆಲ್ಲ ಪರೀಕ್ಷಿಸಿ, ಸಾಧ್ಯವಾದರೆ ಓಡಿಸಿಯೂ ನೋಡಿ, ಮತ್ತೆ ಬಿಚ್ಚಿದ ಮೇಲೆಯೇ ಬಣ್ಣದ ಕೆಲಸಕ್ಕೆ ಕೈಹಾಕಬೇಕು. ಫ್ರೇಮಿನ ಬೆಸುಗೆಯನ್ನು ಜಿಗ್ಗಿನಲ್ಲಿ ಬಿಗಿಹಿಡಿದು, ನುರಿತ ಬೆಸುಗೆಗಾರನ ಕೈಯಿಂದಲೇ ಮಾಡಿಸಬೇಕು. ಕುತ್ತಿಗೆಯ ಬೆಸುಗೆ ಬಿಟ್ಟುಕೊಂಡರೆ ಸವಾರನಿಗೆ ಎರಡನೆಯ ಅವಕಾಶವಿರುವುದಿಲ್ಲ. ಬಿಗಿ ಫ್ರೇಮಿನಲ್ಲಿ ದೊಡ್ಡ ಜೋಡಿ ಸಿಲಿಂಡರು ಹುಟ್ಟಿಸುವ ಕಂಪನ ಟ್ಯಾಂಕಿನ ಕಿವಿಗಳನ್ನೂ ಮಡ್‌ಗಾರ್ಡಿನ ಸರಳುಗಳನ್ನೂ ಸೀಳಬಲ್ಲುದು. ಆದ್ದರಿಂದ ಟ್ಯಾಂಕಿಗೆ ರಬ್ಬರಿನ ಮೆತ್ತೆ, ನಟ್ಟುಗಳಿಗೆ ಸಡಿಲವಾಗದ ಬಿಗಿತ, ಮೊದಲ ಕೆಲವು ನೂರು ಕಿಲೋಮೀಟರುಗಳ ತರುವಾಯ ಎಲ್ಲ ಬೋಲ್ಟುಗಳ ಮರುಪರಿಶೀಲನೆ ಇವು ಅತ್ಯವಶ್ಯ.

ಕೊನೆಯದಾಗಿ ಕಾನೂನು. ಹಾರ್ಲೆ ಗಾಡಿಗಳಲ್ಲಿ 1970ಕ್ಕೆ ಮೊದಲು ಗುರುತಿನ ಸಂಖ್ಯೆ ಇದ್ದುದು ಎಂಜಿನ್ನಿನ ಮೇಲೆಯೇ ಹೊರತು ಫ್ರೇಮಿನ ಮೇಲಲ್ಲ. ಹೀಗಾಗಿ ಅಮೆರಿಕದಲ್ಲಿ ಫ್ರೇಮನ್ನು ಬದಲಿಸಿ ಗಾಡಿ ಕಟ್ಟುವುದು ಆ ಕಾಲಕ್ಕೆ ಸಲೀಸಾಗಿತ್ತು, ಈ ಕಲೆ ಅಲ್ಲಿ ಹುಲುಸಾಗಿ ಬೆಳೆಯುವುದಕ್ಕೆ ಅದೂ ಸಹಾಯವಾಯಿತು. ಜರ್ಮನಿಯಲ್ಲಿ ಮುಖ್ಯವಾದ ಮಾರ್ಪಾಡುಗಳನ್ನು ತಾಂತ್ರಿಕ ಪರೀಕ್ಷಕರು ಒಪ್ಪಿ ದಾಖಲೆಗೆ ಸೇರಿಸಬೇಕು. ಸ್ವೀಡನ್ನಿನಲ್ಲಿ ಹವ್ಯಾಸಿಗಳ ನಿರ್ಮಾಣವನ್ನು ಎಸ್‌ಎಫ್‌ಆರ್‌ಒ ಎಂಬ ವಾಹನನಿರ್ಮಾಪಕರ ಸಂಘವೇ ಪರೀಕ್ಷಿಸುತ್ತದೆ. ಸ್ವೀಡನ್ನಿನ ಈ ವ್ಯವಸ್ಥೆ ನನಗೆ ಆದರ್ಶಪ್ರಾಯವಾಗಿ ತೋರುತ್ತದೆ, ಏಕೆಂದರೆ ಅದು ಕುಶಲಿಯ ಸ್ವಾತಂತ್ರ್ಯವನ್ನೂ ರಸ್ತೆಯ ಕ್ಷೇಮವನ್ನೂ ಒಟ್ಟಿಗೆ ಕಾಯುತ್ತದೆ. ನಮ್ಮ ದೇಶದ ಸ್ಥಿತಿ ಬೇರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಯಾರಕರು ಮೂಲದಲ್ಲಿ ನಿರ್ದಿಷ್ಟಪಡಿಸಿದ ವಿವರಗಳಿಂದ ದೂರಹೋಗುವ ಮಾರ್ಪಾಡುಗಳನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಖಚಿತಪಡಿಸಿತು. ಆದಕಾರಣ ಫ್ರೇಮನ್ನು ಕತ್ತರಿಸಿ ಚಾಪರ್ ಕಟ್ಟಿ ಕರ್ನಾಟಕದ ರಸ್ತೆಗೆ ಇಳಿಸುವೆನೆಂಬವನು ಕಾನೂನನ್ನು ಮೀರಿದಂತಾಗುವುದು. ಹಳೆಯ ಗಾಡಿಯನ್ನು ನಿತ್ಯದ ಬಳಕೆಯಲ್ಲಿಡುವ ಪ್ರೀತಿಗೆ ನಮ್ಮಲ್ಲಿ ಬೇರೊಂದು ದಾರಿಯುಂಟು: 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳನ್ನು ಮೂಲರೂಪದಲ್ಲಿಯೇ ಜೀರ್ಣೋದ್ಧಾರ ಮಾಡಿ ಓಡಿಸುತ್ತಿರುವವರ ಶ್ರದ್ಧೆಯೂ ಇದೇ ಕುಲದ್ದು.

ಈ ಸಮೀಕ್ಷೆಯಿಂದ ತಿಳಿದುಬರುವುದಿಷ್ಟು. ಚಾಪರ್ ಹುಟ್ಟಿದುದು ಒಂದೇ ಗಾಡಿಯುಳ್ಳ ಸಾಮಾನ್ಯರ ಕೈಯಲ್ಲಿ. ಅದರ ಚೆಲುವಿನ ಮೂಲ ತ್ಯಾಗದಲ್ಲಿದ್ದರೂ, ಆ ತ್ಯಾಗಕ್ಕೆ ಮಿತಿಯನ್ನು ಹಾಕಿದುದು ಮಾರನೆಯ ದಿನ ಮತ್ತೆ ಹತ್ತಿ ಹೋಗಬೇಕಾದ ಅಗತ್ಯ. ಆ ಅಗತ್ಯ ಮರೆಯಾದಾಗ ಫೋರ್ಕು ಅಳತೆಮೀರಿ ಬೆಳೆಯಿತು, ಬ್ರೇಕು ಮಾಯವಾಯಿತು, ಗಾಡಿ ಪ್ರದರ್ಶನದ ಅಂಗಳಕ್ಕೆ ಸೇರಿತು. ಆದುದರಿಂದ ಹಳೆಯ ಶೈಲಿಯಲ್ಲಿ ಹೊಸದಾಗಿ ಕಟ್ಟಹೊರಟವನು ಮೊದಲು ತನ್ನ ದಾರಿಯನ್ನೂ ತನ್ನ ನಾಡಿನ ಕಾನೂನನ್ನೂ ತಿಳಿದುಕೊಳ್ಳಲಿ. ಬಳಿಕ ಮುಂಗಾಲಿನ ಗಣಿತವನ್ನೂ, ಬ್ರೇಕನ್ನೂ, ದೀಪವನ್ನೂ ಭದ್ರಪಡಿಸಿಕೊಳ್ಳಲಿ. ಆಮೇಲೆ ಉಳಿದುದರಲ್ಲಿ ಎಷ್ಟನ್ನು ಬೇಕಾದರೂ ಕಳೆಯಲಿ. ಈ ಕ್ರಮದಲ್ಲಿ ಕಟ್ಟಿದ ಗಾಡಿಯ ರೂಪಕ್ಕೆ ಕೊರತೆ ಬರುವುದಿಲ್ಲ. ನೋಡಿದವರು ಮೆಚ್ಚುವುದರ ಜೊತೆಗೆ ವರ್ಷಾನುವರ್ಷ ಓಡಿದ ದೂರವೂ ಅದರ ಪರವಾಗಿ ಸಾಕ್ಷಿ ನುಡಿಯುವುದು. ಮೋಟಾರ್ ಸೈಕಲ್ಲಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.